ಮನೆಯಲ್ಲಿ ಕಟ್ಟಿದ ಸಿಎನ್‌ಸಿ ರೂಟರ್‌ಗೆ ಕರಾರುವಾಕ್ಕಾದ ಹೋಮಿಂಗ್: ಸ್ವಿಚ್ ಕೂರಿಸುವುದರಿಂದ ಡಯಲ್ ಗೇಜ್ ತನಕ

ಕಳೆದ ಬೇಸಿಗೆಯಲ್ಲಿ ಹಲಸಿನ ಮರದ ಬಾಗಿಲಿನ ಹಲಗೆಯೊಂದು ನನ್ನ ಸಿಎನ್‌ಸಿ ರೂಟರ್, ಅಂದರೆ ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಮೆಷಿನ್ ಮೇಲಿತ್ತು. ನಡುವೆ ಕಮಲ, ಸುತ್ತ ಬಳ್ಳಿ. ಮುಕ್ಕಾಲು ಪಾಲು ಕೆಲಸ ಮುಗಿದಿತ್ತು, ಕರೆಂಟ್ ಹೋಯಿತು. ಅರ್ಧ ಗಂಟೆ ಬಿಟ್ಟು ಬಂತು. ಹೋಮ್ ಮಾಡಿ, ಅಂದರೆ ಮೂಲೆಯ ಸ್ವಿಚ್ ಮುಟ್ಟಿಸಿ ಮೆಷಿನ್‌ಗೆ ಅದರ ಸೊನ್ನೆ ಜಾಗ ತೋರಿಸಿ, ಪ್ರೋಗ್ರಾಂ ನಿಂತ ಸಾಲಿನಿಂದ ಮತ್ತೆ ಶುರು ಮಾಡಿದೆ. ಕಣ್ಣಿಗೆ ಎಲ್ಲ ಸರಿಯಾಗೇ ಕಾಣುತ್ತಿತ್ತು. ಸಂಜೆ ಬಂದ ಮೇಸ್ತ್ರಿ ಹಲಗೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು, ದಳದ ಅಂಚಿನ ಮೇಲೆ ಹೆಬ್ಬೆರಳಿನ ಉಗುರು ಎಳೆದು, "ಇಲ್ಲೊಂದು ಮೆಟ್ಲು ಸಿಗ್ತಿದೆ ನೋಡಿ ಸಾರ್" ಅಂದರು. ನಾನೂ ಉಗುರು ಎಳೆದು ನೋಡಿದೆ. ಕೂದಲೆಳೆಯಷ್ಟು ಮೆಟ್ಟಿಲು. ಪಾಲಿಶ್ ಬಿದ್ದ ಮೇಲೆ ಅದು ನೆರಳಿನ ಹಾಗೆ ಎದ್ದು ಕಾಣುತ್ತದೆ ಅಂತ ಅವರಿಗೆ ಗೊತ್ತಿತ್ತು.

ಅದಾದ ಮೇಲೆ ಒಂದು ವಾರ ನಾನು ಬೇರೆ ಕೆಲಸ ಮಾಡಲಿಲ್ಲ, ಹೋಮಿಂಗ್ ಒಂದನ್ನೇ ಹಿಡಿದು ಕೂತೆ. ಆಗ ಒಂದು ವಿಷಯ ಖಚಿತವಾಯಿತು. ದುಬಾರಿ ಸೆನ್ಸರ್ ಬೇಕಿಲ್ಲ. ಸ್ವಿಚ್ ಅಲುಗಾಡದ ಹಾಗೆ ಕೂತಿರಬೇಕು, ಎರಡನೇ ಸಲ ನಿಧಾನವಾಗಿ ಮುಟ್ಟಬೇಕು, ಆಮೇಲೆ ಬಂದ ಫಲವನ್ನು ಅಳೆದು ನೋಡಬೇಕು. ನಮ್ಮಲ್ಲಿ ಹೆಚ್ಚಿನವರು ಮೊದಲಿನ ಎರಡನ್ನು ಹೇಗೋ ಮಾಡುತ್ತಾರೆ, ಮೂರನೆಯದನ್ನು ಮಾಡುವುದೇ ಇಲ್ಲ.

ನನ್ನ ಮೆಷಿನ್ ಹೀಗಿದೆ: ಎಕ್ಸ್ (ಎಡ-ಬಲ) 650, ವೈ (ಹಿಂದೆ-ಮುಂದೆ) 900, ಝಡ್ (ಮೇಲೆ-ಕೆಳಗೆ) 120 ಮಿ.ಮೀ. ಓಟ. ಮೂರಕ್ಕೂ 1605 ಬಾಲ್ ಸ್ಕ್ರೂ, ಅಂದರೆ ಒಂದು ಸುತ್ತಿಗೆ 5 ಮಿ.ಮೀ. ನೆಮಾ 23 ಸ್ಟೆಪ್ಪರ್ ಮೋಟಾರ್, ಟಿಬಿ6600 ಡ್ರೈವರ್. ಇಲ್ಲಿ ಹೇಳುವ ಕೆಲಸ ಮಾಡುವಾಗ ಕಂಟ್ರೋಲರ್ ಆರ್ಡುಯಿನೋ ಊನೋ ಬೋರ್ಡ್, ಅದರ ಮೇಲೆ ಮೋಟಾರ್ ಓಡಿಸುವ ಸಾಫ್ಟ್‌ವೇರ್ ಜಿಆರ್‌ಬಿಎಲ್ 1.1. ವೈಗೆ ಎರಡು ಮೋಟಾರ್. ಶೆಡ್ ಇರುವುದು ತುಮಕೂರಿನಲ್ಲಿ, ಮೇಲೆ ಶೀಟು. ನಿಮ್ಮದು ಬೇರೆ ಥರ ಇದ್ದರೂ ಇಲ್ಲಿ ಹೇಳುವುದರಲ್ಲಿ ಜಾಸ್ತಿ ಪಾಲು ಹೊಂದುತ್ತದೆ.

ಹೋಮಿಂಗ್‌ನಲ್ಲಿ ಏನು ನಡೆಯುತ್ತದೆ

ಸ್ಟೆಪ್ಪರ್ ಮೋಟಾರ್‌ಗೆ ತಾನು ಎಲ್ಲಿದ್ದೇನೆ ಅನ್ನುವುದು ಗೊತ್ತಿರುವುದಿಲ್ಲ. ಇಷ್ಟು ಹೆಜ್ಜೆ ಹಾಕು ಅಂದರೆ ಹಾಕುತ್ತದೆ, ಅಷ್ಟೇ. ಕರೆಂಟ್ ಹೋದರೆ ಲೆಕ್ಕ ಪೂರ್ತಿ ಅಳಿಸಿ ಹೋಗುತ್ತದೆ. ಅದರ ಮೇಲೆ ಇನ್ನೊಂದು ಇದೆ. 1.8 ಡಿಗ್ರಿ ಮೋಟಾರ್‌ಗೆ ಸುತ್ತಿಗೆ 200 ಪೂರ್ಣ ಹೆಜ್ಜೆ, ನನ್ನ ಸ್ಕ್ರೂನಲ್ಲಿ ಒಂದು ಹೆಜ್ಜೆ ಅಂದರೆ 0.025 ಮಿ.ಮೀ. ಪವರ್ ಮತ್ತೆ ಬಂದಾಗ ಡ್ರೈವರ್ ತನ್ನ ಶುರುವಿನ ಸ್ಥಾನಕ್ಕೆ ಮೋಟಾರನ್ನು ಎಳೆದುಕೊಳ್ಳುತ್ತದೆ, ಆ ಎಳೆತ ಎರಡು ಪೂರ್ಣ ಹೆಜ್ಜೆಯವರೆಗೂ ಇರಬಹುದು. ಆನ್ ಮಾಡಿದ ಕ್ಷಣ "ಟಕ್" ಅಂತ ಕೇಳಿಸುತ್ತದಲ್ವಾ, ಅದೇ ಇದು. ಹಾಗಾಗಿ "ನಾನೇನೂ ಮುಟ್ಟಲಿಲ್ಲ, ನಿಂತಲ್ಲೇ ಇದೆ" ಅಂತ ಹೋಮ್ ಮಾಡದೆ ಮುಂದುವರಿಸಿದರೆ 0.05 ಮಿ.ಮೀ. ತಪ್ಪಿರಬಹುದು. ಬೆಲ್ಟ್ ಮೆಷಿನ್‌ನಲ್ಲಿ ಇದು ಇನ್ನೂ ಜಾಸ್ತಿ: ಜಿಟಿ2 ಬೆಲ್ಟ್, 20 ಹಲ್ಲಿನ ಪುಲ್ಲಿ ಆದರೆ ಒಂದು ಪೂರ್ಣ ಹೆಜ್ಜೆಯೇ 0.2 ಮಿ.ಮೀ.

ಹೋಮ್ ಆಜ್ಞೆ ಕೊಟ್ಟಾಗ ಜಿಆರ್‌ಬಿಎಲ್ ಮೊದಲು ಝಡ್ ಮೇಲೆತ್ತುತ್ತದೆ, ಆಮೇಲೆ ಎಕ್ಸ್, ವೈ ಒಟ್ಟಿಗೆ. ಜೋರಾಗಿ ಹೋಗಿ ಸ್ವಿಚ್ ಮುಟ್ಟುತ್ತದೆ, ಸ್ವಲ್ಪ ಹಿಂದೆ ಬರುತ್ತದೆ, ಮತ್ತೆ ನಿಧಾನವಾಗಿ ಹೋಗಿ ಮುಟ್ಟುತ್ತದೆ, ಕೊನೆಗೆ ಹಿಂದೆ ಸರಿದು ನಿಲ್ಲುತ್ತದೆ. ನಿಮ್ಮ ಹೋಮಿಂಗ್ ಎಷ್ಟು ಕರಾರುವಾಕ್ಕು ಅನ್ನುವುದನ್ನು ತೀರ್ಮಾನಿಸುವುದು ಆ ಎರಡನೇ, ನಿಧಾನದ ಮುಟ್ಟುವಿಕೆ.

ಸ್ವಿಚ್ ಮತ್ತು ಬ್ರಾಕೆಟ್

ಸಾದಾ ಮೈಕ್ರೋ ಸ್ವಿಚ್ ಸಾಕು. ನಿಜವಾಗಿಯೂ ಸಾಕು. ಆದರೆ ಉದ್ದ ಲಿವರ್ ಇರುವುದನ್ನು ಬಿಡಿ. ಲಿವರ್ ಉದ್ದವಾದಷ್ಟೂ ಬಳುಕುತ್ತದೆ, ಒಂದು ಸಲ ಬೆರಳು ತಗುಲಿ ಬಾಗಿದರೆ ಹೋಮ್ ಜಾಗವೇ ಬದಲಾಗುತ್ತದೆ. ಗಿಡ್ಡ ಲಿವರ್ ಅಥವಾ ರೋಲರ್ ಇರುವುದು ತಗೊಳ್ಳಿ. ಇನ್ನೊಂದು ಮಾತು, ಗ್ಯಾಂಟ್ರಿ (ಕೊರೆಯುವ ಸ್ಪಿಂಡಲ್ ಮೋಟಾರನ್ನು ಹೊತ್ತು ಓಡುವ ಅಡ್ಡ ಚೌಕಟ್ಟು) ನೇರವಾಗಿ ಬಂದು ಸ್ವಿಚ್ಚಿಗೆ ಗುದ್ದುವ ಹಾಗೆ ಇಡಬೇಡಿ. ಇಳಿಜಾರಾಗಿ ಕೆರೆದ ಒಂದು ಲೋಹದ ತುಂಡು ಪಕ್ಕದಿಂದ ಹಾದು ಹೋಗುತ್ತಾ ರೋಲರನ್ನು ಒತ್ತುವ ಹಾಗೆ ಮಾಡಿ. ಜೋರಾಗಿ ಬಂದು ಸ್ವಲ್ಪ ಮುಂದೆ ಹೋದರೂ ಸ್ವಿಚ್ ಮುರಿಯುವುದಿಲ್ಲ.

ಆಪ್ಟಿಕಲ್ ಸ್ವಿಚ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಎಂಡಿಎಫ್ ಪುಡಿ ಹಾರುವ ಜಾಗದಲ್ಲಿ ಅದರ ಕಣ್ಣು ಮುಚ್ಚಿಕೊಳ್ಳುತ್ತದೆ. ಮರದ ಕೆಲಸಕ್ಕೆ ನಾನು ಹಾಕುವುದಿಲ್ಲ. ಇಂಡಕ್ಟಿವ್ ಪ್ರಾಕ್ಸಿಮಿಟಿ ಸೆನ್ಸರ್‌ಗೆ ಪುಡಿಯ ಕಾಟವಿಲ್ಲ. ಅದನ್ನು ಹಾಕುವುದಾದರೆ ಎದುರಿಗೆ ಕಬ್ಬಿಣದ ತುಂಡನ್ನೇ ಇಡಿ. ಡಬ್ಬದ ಮೇಲೆ 4 ಮಿ.ಮೀ. ಅಂತ ಬರೆದಿರುವುದು ಕಬ್ಬಿಣಕ್ಕೆ, ಅಲ್ಯೂಮಿನಿಯಂ ಆದರೆ ಅದರ ಅರ್ಧವೂ ಸಿಗುವುದಿಲ್ಲ. ಮತ್ತೆ ಅದರ ಕಪ್ಪು ವೈರನ್ನು ನೇರವಾಗಿ ಆರ್ಡುಯಿನೋಗೆ ಕೊಡಬೇಡಿ. ಕೆಲವು ಸೆನ್ಸರ್‌ಗಳ ಒಳಗೆ ಔಟ್‌ಪುಟ್ಟನ್ನು 24 ವೋಲ್ಟಿಗೆ ಎಳೆದಿಡುವ ರೆಸಿಸ್ಟರ್ ಇರುತ್ತದೆ, ಪಿನ್ ಸುಟ್ಟುಹೋಗುತ್ತದೆ. ನಡುವೆ ಆಪ್ಟೋಕಪ್ಲರ್ (ವೈರ್ ಕೂಡಿಸದೆ ಬೆಳಕಿನಿಂದ ಸಿಗ್ನಲ್ ದಾಟಿಸುವ ಬಿಡಿಭಾಗ) ಬೇಕೇ ಬೇಕು.

ಈಗ ಬ್ರಾಕೆಟ್. ನನ್ನ ಮೆಟ್ಟಿಲಿನ ಮೂಲ ಇಲ್ಲೇ ಇತ್ತು. ನಾನು ತ್ರೀಡಿ ಪ್ರಿಂಟ್ ಮಾಡಿದ ಪಿಎಲ್‌ಎ ಪ್ಲಾಸ್ಟಿಕ್ಕಿನ ಬ್ರಾಕೆಟ್ ಹಾಕಿದ್ದೆ. ನೋಡಲು ಗಟ್ಟಿ. ಒಂದು ಗೆರೆಗೆ 0.01 ಮಿ.ಮೀ. ತೋರಿಸುವ ಡಯಲ್ ಗೇಜಿನ ಕಡ್ಡಿಯನ್ನು ಅದಕ್ಕೆ ತಾಗಿಸಿ, ಸ್ವಿಚ್ಚನ್ನು ಒಂದು ಬೆರಳಿನಿಂದ ಮೆಲ್ಲಗೆ ಒತ್ತಿದೆ. ಮುಳ್ಳು 20 ಗೆರೆ ಓಡಿತು, ಅಂದರೆ 0.2 ಮಿ.ಮೀ. ಬೆರಳು ತೆಗೆದಾಗ ಪೂರ್ತಿ ವಾಪಸ್ಸೂ ಬರಲಿಲ್ಲ. ಪಿಎಲ್‌ಎ ಸುಮಾರು 60 ಡಿಗ್ರಿಗೆ ಮೆತ್ತಗಾಗುವ ವಸ್ತು. ಏಪ್ರಿಲ್ ಬಿಸಿಲಲ್ಲಿ ಶೀಟಿನ ಕೆಳಗೆ, ಬಿಸಿ ಮೋಟಾರ್ ಪಕ್ಕದಲ್ಲಿ, ಬೋಲ್ಟ್ ಬಿಗಿದ ಜಾಗದಲ್ಲಿ ಅದು ನಿಧಾನಕ್ಕೆ ಕೂತುಬಿಟ್ಟಿತ್ತು. ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಒಂದು ಲೇತ್ ಶಾಪಿನಲ್ಲಿ 6 ಮಿ.ಮೀ. ಅಲ್ಯೂಮಿನಿಯಂ ಆಂಗಲ್ ಕತ್ತರಿಸಿ, ತೂತು ಹಾಕಿಸಿಕೊಂಡು ಬಂದೆ. ಅದೇ ಸ್ವಿಚ್, ಅದೇ ಬೆರಳು, ಮುಳ್ಳು ಒಂದು ಗೆರೆಯೂ ಅಲುಗಲಿಲ್ಲ. ನೀವು ಬೇರೇನು ಮಾಡದಿದ್ದರೂ ಈ ಬೆರಳಿನ ಪರೀಕ್ಷೆ ಮಾಡಿ ನೋಡಿ.

ವೈರಿಂಗ್

ಸ್ವಿಚ್ಚಿನಲ್ಲಿ ಎನ್‌ಸಿ (ನಾರ್ಮಲಿ ಕ್ಲೋಸ್ಡ್) ಕಾಲನ್ನೇ ಬಳಸಿ. ಮಾಮೂಲಿಯಾಗಿ ಸರ್ಕ್ಯೂಟ್ ಕೂಡಿರುತ್ತದೆ, ಒತ್ತಿದಾಗ ಬಿಡುತ್ತದೆ. ಇದರಲ್ಲಿ ಎರಡು ಲಾಭ. ವೈರ್ ತುಂಡಾಗಿದ್ದರೆ ಹೋಮ್ ಮಾಡುವಾಗ ಮೆಷಿನ್ ಕೂಡಲೇ ನಿಲ್ಲುತ್ತದೆ, ಸ್ವಿಚ್ ಇಲ್ಲವೆಂಬಂತೆ ಹೋಗಿ ಗುದ್ದುವುದಿಲ್ಲ. ಎರಡನೆಯದು, ಲೈನ್ ಗ್ರೌಂಡಿಗೆ ಕಟ್ಟಿಕೊಂಡಿರುವುದರಿಂದ ಸುಳ್ಳು ಸಿಗ್ನಲ್ ಕಡಿಮೆ. ಎನ್‌ಸಿ ಹಾಕಿದ ಮೇಲೆ ಜಿಆರ್‌ಬಿಎಲ್ ಸೆಟ್ಟಿಂಗ್‌ನಲ್ಲಿ $5=1 ಮಾಡಬೇಕು.

ಸಿಎನ್‌ಸಿ ಶೀಲ್ಡ್ ವಿ3 (ಊನೋ ಮೇಲೆ ಕೂರುವ, ವೈರ್ ಜೋಡಿಸುವ ಬೋರ್ಡ್) ಬಳಸುವವರು ಒಂದು ಕಡೆ ಎಡವುತ್ತಾರೆ. ಆ ಬೋರ್ಡ್ ಹಳೆಯ ಜಿಆರ್‌ಬಿಎಲ್‌ಗೆ ಮಾಡಿದ್ದು. ಅದರ ಮೇಲೆ ಝಡ್ ಲಿಮಿಟ್ ಅಂತ ಬರೆದಿರುವುದು 11ನೇ ಪಿನ್, ಆದರೆ 1.1ರಲ್ಲಿ ಆ ಪಿನ್ ಸ್ಪಿಂಡಲ್ ವೇಗಕ್ಕೆ ಹೋಗಿದೆ, ಝಡ್ ಲಿಮಿಟ್ 12ಕ್ಕೆ ಬಂದಿದೆ. ಅಂದರೆ ಝಡ್ ಸ್ವಿಚ್ಚನ್ನು ಸ್ಪಿಂಡಲ್ ಎನೇಬಲ್ ಅಂತ ಇರುವ ಜಾಗಕ್ಕೆ ಹಾಕಬೇಕು. ಝಡ್ ಮಾತ್ರ ಹೋಮ್ ಆಗುತ್ತಿಲ್ಲ ಅಂದರೆ ಮೊದಲು ಇದನ್ನು ನೋಡಿ.

ಸ್ಪಿಂಡಲ್ ವಿಎಫ್‌ಡಿಯದ್ದಾದರೆ (ವೇಗ ಹೆಚ್ಚು ಕಡಿಮೆ ಮಾಡುವ ಡ್ರೈವ್) ಸದ್ದಿನ ಕಾಟ ಖಂಡಿತ ಇರುತ್ತದೆ, ಇಲ್ಲಿ ಹೇಳುತ್ತಿರುವುದು ಎಲೆಕ್ಟ್ರಿಕ್ ಸದ್ದು. ಸ್ವಿಚ್ಚಿಗೆ ಶೀಲ್ಡೆಡ್ ಕೇಬಲ್ ಹಾಕಿ, ಶೀಲ್ಡನ್ನು ಕಂಟ್ರೋಲರ್ ಕಡೆ ಮಾತ್ರ ಅರ್ತ್ ಮಾಡಿ, ಎರಡೂ ಕಡೆ ಬೇಡ. ಸ್ಪಿಂಡಲ್ ಕೇಬಲ್ಲಿನ ಜೊತೆ ಒಂದೇ ಚೈನಿನಲ್ಲಿ ಎಳೆಯಬೇಡಿ, ದಾಟಲೇಬೇಕಾದರೆ ಅಡ್ಡಲಾಗಿ ದಾಟಿಸಿ. ಪಿನ್ನಿನ ಒಳಗಿನ ಪುಲ್‌ಅಪ್ (ಲೈನನ್ನು 5 ವೋಲ್ಟಿಗೆ ಎಳೆದಿಡುವ ರೆಸಿಸ್ಟರ್) 20ರಿಂದ 50 ಕಿಲೋ ಓಮ್, ತುಂಬಾ ದುರ್ಬಲ. ಹೊರಗಿನಿಂದ 10 ಕಿಲೋ ಓಮ್ ಒಂದು ಕೊಟ್ಟು, ಪಿನ್ನಿಗೂ ಗ್ರೌಂಡಿಗೂ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಕೆಪಾಸಿಟರ್ ಹಾಕಿದರೆ ಸಿಗ್ನಲ್ ತಡವಾಗಿ ಹೋಮ್ ತಪ್ಪುತ್ತದೆ ಅಂತ ಕೆಲವರು ಹೆದರುತ್ತಾರೆ. ಲೆಕ್ಕ ಹಾಕಿ ನೋಡಿ: ತಡ ಆಗುವುದು ಸುಮಾರು 1 ಮಿಲಿಸೆಕೆಂಡ್, ನಿಮಿಷಕ್ಕೆ 50 ಮಿ.ಮೀ. ವೇಗದಲ್ಲಿ ಅಷ್ಟರಲ್ಲಿ ಸರಿಯುವುದು 0.001 ಮಿ.ಮೀ.ಗಿಂತ ಕಡಿಮೆ. ಅದೂ ಪ್ರತಿ ಸಲ ಅಷ್ಟೇ.

ಮೋಟಾರ್ ಓಡಿಸುವ ಮೊದಲು ಪ್ರಶ್ನಾರ್ಥಕ ಚಿಹ್ನೆ ಕಳುಹಿಸಿ ಸ್ಥಿತಿ ಕೇಳಿ. ಒಂದೊಂದೇ ಸ್ವಿಚ್ಚನ್ನು ಪೆನ್ನಿನಿಂದ ಒತ್ತಿ, ಒತ್ತಿದ ಅಕ್ಷವೇ ತೆರೆಯಲ್ಲಿ ಬರುತ್ತದಾ ನೋಡಿ. ಎಕ್ಸ್ ಒತ್ತಿದರೆ ವೈ ತೋರಿಸುವ ಮೆಷಿನ್‌ಗೆ ಹೋಮ್ ಆಜ್ಞೆ ಕೊಡುವುದು ಅಪಾಯ.

ಸೆಟ್ಟಿಂಗ್

$22=1, ಹೋಮಿಂಗ್ ಆನ್. $23 ಯಾವ ಮೂಲೆ ಅನ್ನುವುದಕ್ಕೆ. ಸೊನ್ನೆ ಇಟ್ಟರೆ ಬಲಗಡೆ, ಹಿಂದೆ, ಮೇಲೆ. ನಾನು 1 ಇಟ್ಟಿದ್ದೇನೆ, ಎಡಗಡೆ ಹಿಂದಿನ ಮೂಲೆ. ಮುಂದುಗಡೆ ಹಲಗೆ ಏರಿಸಿ ಇಳಿಸುವಾಗ ಸ್ವಿಚ್ಚಿಗೆ ಏಟು ಬೀಳುತ್ತದೆ, ಅದಕ್ಕೇ ಹಿಂದೆ. ಎಡ ಮುಂದೆ ಬೇಕಾದವರು 3 ಇಡಿ.

$25 ಅಂದರೆ ಹುಡುಕುವ ವೇಗ, ನನ್ನಲ್ಲಿ ನಿಮಿಷಕ್ಕೆ 800 ಮಿ.ಮೀ. $24 ನಿಧಾನದ ವೇಗ. ಇದರ ಮೇಲೆ ಎಲ್ಲ ನಿಂತಿದೆ. ಡೀಫಾಲ್ಟ್ 25 ಇರುತ್ತದೆ, ಹೋಮಿಂಗ್ ಬೇಗ ಮುಗಿಯಲಿ ಅಂತ ನಾನು 300 ಮಾಡಿಟ್ಟಿದ್ದೆ, ಉಳಿದದ್ದು ಮೂರೋ ನಾಲ್ಕೋ ಸೆಕೆಂಡ್. ಈಗ 50 ಇದೆ. ಸ್ವಿಚ್ ತಗುಲಿದ ಕೂಡಲೇ ಜಿಆರ್‌ಬಿಎಲ್ ಮೋಟಾರನ್ನು ನಿಧಾನ ಮಾಡದೆ ಥಟ್ಟನೆ ನಿಲ್ಲಿಸುತ್ತದೆ, ಜೋರಿನಲ್ಲಿದ್ದರೆ ಭಾರದ ಗ್ಯಾಂಟ್ರಿ ಒಂದೆರಡು ಹೆಜ್ಜೆ ತಪ್ಪಬಹುದು. ಮೊದಲ ಸುತ್ತಿನಲ್ಲಿ ತಪ್ಪಿದರೆ ಎರಡನೇ ಸುತ್ತು ಸರಿ ಮಾಡುತ್ತದೆ. ಎರಡನೇ ಸುತ್ತಿನಲ್ಲೇ ತಪ್ಪಿದರೆ ಸರಿ ಮಾಡುವವರು ಯಾರೂ ಇಲ್ಲ.

$27 ಹಿಂದೆ ಸರಿಯುವ ದೂರ. 1 ಮಿ.ಮೀ. ಇರುತ್ತದೆ, ನಾನು 3 ಮಾಡಿದೆ, ಯಾಕೆಂದರೆ ರೋಲರ್ ಸ್ವಿಚ್ ಬಿಡಲು ಒತ್ತಿದ್ದಕ್ಕಿಂತ ಜಾಸ್ತಿ ದೂರ ಬೇಕು. ಅಲಾರಾಂ 8 ಬಂದರೆ ಹಿಂದೆ ಸರಿದರೂ ಸ್ವಿಚ್ ಬಿಟ್ಟಿಲ್ಲ ಅಂತ ಅರ್ಥ, ಇದನ್ನು ಹೆಚ್ಚಿಸಿ. ಅಲಾರಾಂ 9 ಬಂದರೆ ಹುಡುಕಿದಷ್ಟು ದೂರದಲ್ಲಿ ಸ್ವಿಚ್ ಸಿಗಲೇ ಇಲ್ಲ ಅಂತ. ಆಗ $130ರಿಂದ $132ರವರೆಗಿನ ಓಟದ ಉದ್ದ ಸರಿಯಾಗಿ ತುಂಬಿದ್ದೀರಾ ನೋಡಿ. $1=255 ಮಾಡಿ, ಕೆಲಸವಿಲ್ಲದಾಗಲೂ ಮೋಟಾರ್ ಹಿಡಿದುಕೊಂಡೇ ಇರುತ್ತದೆ. ಇಲ್ಲದಿದ್ದರೆ ನೀವು ಹಲಗೆ ಬಿಗಿಯುವಾಗ ಕೈ ತಾಗಿ ಅಕ್ಷ ಸರಿದರೂ ಯಾರಿಗೂ ತಿಳಿಯುವುದಿಲ್ಲ.

ಮೊದಲ ಸಲ ಹೋಮ್ ಕೊಡುವಾಗ ಗ್ಯಾಂಟ್ರಿಯನ್ನು ನಡುವಿಗೆ ತಂದು, ಒಂದು ಕೈ ಎಮರ್ಜೆನ್ಸಿ ಬಟನ್ ಮೇಲಿಟ್ಟು, ಇನ್ನೊಂದು ಕೈಯಿಂದ ಸ್ವಿಚ್ ಒತ್ತಿ. ಒತ್ತಿದಾಗ ನಿಂತು ಹಿಂದೆ ಬಂದರೆ ಮುಂದಿನ ಸಲ ತಾನಾಗೇ ಹೋಗಲು ಬಿಡಿ.

ಅಳೆಯುವುದು

0.01 ಮಿ.ಮೀ. ತೋರಿಸುವ, 10 ಮಿ.ಮೀ. ಓಟದ ಸಾದಾ ಡಯಲ್ ಗೇಜ್ ಮತ್ತು ಮ್ಯಾಗ್ನೆಟಿಕ್ ಬೇಸ್ ಸಾಕು. ಬೆಡ್ ಅಲ್ಯೂಮಿನಿಯಂ ಅಥವಾ ಮರದ್ದಾದರೆ ಮ್ಯಾಗ್ನೆಟ್ ಹಿಡಿಯುವುದಿಲ್ಲ, ದಪ್ಪ ಕಬ್ಬಿಣದ ಪಟ್ಟಿಯೊಂದನ್ನು ಬೆಡ್ಡಿಗೆ ಬಿಗಿದು ಅದರ ಮೇಲೆ ಕೂರಿಸಿ. ಹೋಮ್ ಆಗಿ ನಿಂತಾಗ ಗೇಜಿನ ಕಡ್ಡಿ ಸ್ಪಿಂಡಲ್ ಕ್ಲಾಂಪಿಗೆ ತಾಗಿ 2 ಮಿ.ಮೀ. ಒಳಗೆ ಹೋಗಿರಲಿ. ಸ್ವಿಚ್ ಮುಟ್ಟುವಾಗ ಇನ್ನೂ 3 ಮಿ.ಮೀ. ಒಳಗೆ ಹೋಗುತ್ತದೆ ಅನ್ನುವುದು ನೆನಪಿರಲಿ. ಡಯಲ್ ತಿರುಗಿಸಿ ಸೊನ್ನೆ ಮಾಡಿ.

ಈಗ 100 ಮಿ.ಮೀ. ದೂರ ಕಳುಹಿಸಿ, ಮತ್ತೆ ಹೋಮ್ ಮಾಡಿ, ಮುಳ್ಳು ಎಲ್ಲಿ ನಿಂತಿತು ಅಂತ ಬರೆದುಕೊಳ್ಳಿ. ಹತ್ತು ಸಲ. ಬೇಸರ ಆಗುತ್ತದೆ, ಆದರೂ ಹತ್ತು ಸಲ ಮಾಡಿ. ಮೂರು ಸಲ ಒಂದೇ ಜಾಗಕ್ಕೆ ಬಂದು ಏಳನೇ ಸಲ ಬೇರೆಡೆ ನಿಲ್ಲುವುದು ನಾನು ಕಂಡಿದ್ದೇನೆ. ಅತಿ ಹೆಚ್ಚಿನದರಿಂದ ಅತಿ ಕಡಿಮೆಯದನ್ನು ಕಳೆಯಿರಿ, ಅದೇ ನಿಮ್ಮ ಹೋಮಿಂಗ್ ವ್ಯತ್ಯಾಸ. ನನ್ನ ನೋಟ್‌ಬುಕ್ಕಿನಲ್ಲಿ ಇರುವುದು ಇದು: ಪಿಎಲ್‌ಎ ಬ್ರಾಕೆಟ್, $24=300 ಇದ್ದಾಗ 0.12 ಮಿ.ಮೀ. ಅಲ್ಯೂಮಿನಿಯಂ ಆಂಗಲ್ ಹಾಕಿದ ಮೇಲೆ 0.05. $24 ಅನ್ನು 50ಕ್ಕೆ ಇಳಿಸಿದ ಮೇಲೆ 0.02. ಸ್ವಿಚ್ ಮೂರರಲ್ಲೂ ಒಂದೇ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ಮಾಡಿದರೆ ಯಾವುದರಿಂದ ಸರಿಯಾಯಿತು ಅಂತ ತಿಳಿಯುವುದಿಲ್ಲ. ಹತ್ತು ಆದ ಮೇಲೆ ಪವರ್ ಆಫ್ ಮಾಡಿ ಆನ್ ಮಾಡಿ ಇನ್ನೊಂದೈದು ಸಲ. ಸ್ಪಿಂಡಲ್ ಓಡಿಸಿಕೊಂಡು ಐದು ಸಲ, ಆಗ ಸುಳ್ಳು ಸಿಗ್ನಲ್ ಇದ್ದರೆ ಗೊತ್ತಾಗುತ್ತದೆ. ಎಷ್ಟು ಸಿಕ್ಕರೆ ಸಾಕು? ಮರಕ್ಕೆ 0.05 ಒಳಗೆ ಬಂದರೆ ನಿಲ್ಲಿಸಿ. ಮಳೆಗಾಲದಲ್ಲಿ ಹಲಗೆಯೇ ಅದಕ್ಕಿಂತ ಜಾಸ್ತಿ ಉಬ್ಬುತ್ತದೆ.

ಬಿಸಿಲಿನ ಲೆಕ್ಕವೂ ಇದೆ. ಉಕ್ಕು ಒಂದು ಡಿಗ್ರಿಗೆ ಮೀಟರಿಗೆ ಸುಮಾರು 0.012 ಮಿ.ಮೀ. ಉದ್ದವಾಗುತ್ತದೆ. ಬೆಳಗಿನಿಂದ ಮಧ್ಯಾಹ್ನಕ್ಕೆ 10 ಡಿಗ್ರಿ ಏರಿದರೆ 900 ಮಿ.ಮೀ. ಸ್ಕ್ರೂ 0.1 ಮಿ.ಮೀ. ಬೆಳೆದಿರುತ್ತದೆ. ಹೋಮಿಂಗ್ ಸರಿ ಮಾಡುವುದು ಸ್ವಿಚ್ ಇರುವ ತುದಿಯನ್ನು ಮಾತ್ರ. ಸಣ್ಣ ಕೆಲಸವನ್ನು ಹೋಮ್ ಮೂಲೆಯ ಹತ್ತಿರವೇ ಹಾಕಿಕೊಳ್ಳಿ.

ಎರಡು ಮೋಟಾರಿನ ವೈ

ಗ್ಯಾಂಟ್ರಿಯ ಎರಡು ಕಡೆ ಮೋಟಾರ್ ಇದ್ದರೆ ಒಂದು ಸ್ವಿಚ್ ಸಾಲದು. ಪವರ್ ಆನ್ ಆದಾಗ ಎಡ, ಬಲ ಎರಡೂ ಬೇರೆ ಬೇರೆ ಕಡೆ ಟಕ್ ಅಂದು ಗ್ಯಾಂಟ್ರಿ ಓರೆಯಾಗುತ್ತದೆ. ಎರಡೂ ಕಡೆ ಸ್ವಿಚ್ ಇಟ್ಟು, ಒಂದೊಂದು ಮೋಟಾರೂ ತನ್ನ ಸ್ವಿಚ್ ಸಿಗುವವರೆಗೆ ಬೇರೆಯಾಗಿ ಹೋಗುವ ಹಾಗೆ ಮಾಡಬೇಕು. ಜಿಆರ್‌ಬಿಎಲ್ 1.1ಎಚ್‌ನಲ್ಲಿ ಇದು ಇದೆ, ಆದರೆ ಆಫ್ ಇರುತ್ತದೆ, ಕಾನ್ಫಿಗ್ ಫೈಲ್ ತಿದ್ದಿ ಮತ್ತೆ ಕಂಪೈಲ್ ಮಾಡಬೇಕು. ನಾನು ಕೊನೆಗೆ ಊನೋ, ಜಿಆರ್‌ಬಿಎಲ್ ಬಿಟ್ಟು ಇಎಸ್‌ಪಿ32 ಬೋರ್ಡ್ ಮೇಲೆ ಫ್ಲೂಯಿಡ್‌ಎನ್‌ಸಿ ಸಾಫ್ಟ್‌ವೇರಿಗೆ ಬದಲಾದೆ, ಅದರಲ್ಲಿ ಎರಡು ಮೋಟಾರಿಗೂ ಬೇರೆ ಸ್ವಿಚ್, ಬೇರೆ ಹಿಂದೆ ಸರಿಯುವ ದೂರ ಕೊಡಬಹುದು. ಅದಕ್ಕೂ ದುಡ್ಡಿಲ್ಲ ಅಂದರೆ ಮುಂದುಗಡೆ ಎರಡು ಗಟ್ಟಿ ಸ್ಟಾಪರ್ ಬಿಗಿದು, ಪವರ್ ಹಾಕುವ ಮೊದಲು ಗ್ಯಾಂಟ್ರಿಯನ್ನು ಕೈಯಿಂದ ಎರಡಕ್ಕೂ ಒತ್ತಿ ಹಿಡಿದು ಆಮೇಲೆ ಆನ್ ಮಾಡಿ. ಇದೂ ಪರವಾಗಿಲ್ಲ.

ಮೂಲೆಮಟ್ಟ ಸರಿಯಿದೆಯಾ ಅಂತ ನೋಡಲು ಎಂಡಿಎಫ್ ಶೀಟಿನ ಮೇಲೆ 600 ಮತ್ತು 800 ಮಿ.ಮೀ. ಆಯತದ ನಾಲ್ಕು ಮೂಲೆಗೆ ತೂತು ಹಾಕಿ. ಎರಡು ಕರ್ಣವೂ 1000 ಬರಬೇಕು, ಗಾರೆ ಮೇಸ್ತ್ರಿಗಳು ತಳಪಾಯಕ್ಕೆ ಹಗ್ಗ ಹಿಡಿಯುವ 3-4-5 ಲೆಕ್ಕವೇ ಇದು. ನನಗೆ ಎರಡರ ನಡುವೆ 2 ಮಿ.ಮೀ. ವ್ಯತ್ಯಾಸ ಬಂತು. ಮುಂದಿನ ಎಡದಿಂದ ಹಿಂದಿನ ಬಲಕ್ಕೆ ಹೋಗುವ ಕರ್ಣ ಉದ್ದ ಇತ್ತು, ಅಂದರೆ ಗ್ಯಾಂಟ್ರಿಯ ಬಲಗಡೆ ಜಾಸ್ತಿ ಹಿಂದೆ ಹೋಗಿ ನಿಲ್ಲುತ್ತಿದೆ. ಎಷ್ಟು ಅನ್ನುವುದಕ್ಕೆ: ವ್ಯತ್ಯಾಸವನ್ನು ಕರ್ಣದಿಂದ ಗುಣಿಸಿ, ಆಯತದ ಎರಡು ಬದಿಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿ, ಬಂದದ್ದನ್ನು ಎರಡು ಸ್ಕ್ರೂಗಳ ನಡುವಿನ ದೂರದಿಂದ ಗುಣಿಸಿ. ನನ್ನ ಸ್ಕ್ರೂಗಳ ನಡುವೆ 720 ಮಿ.ಮೀ., ಹಾಗಾಗಿ 1.5 ಮಿ.ಮೀ. ಬಂತು. ನನ್ನ ಹೋಮ್ ಹಿಂದುಗಡೆ, ಆದ್ದರಿಂದ ಬಲಗಡೆ ಸ್ವಿಚ್ ಅಷ್ಟು ಬೇಗ ತಗುಲುವ ಹಾಗೆ ಮಾಡಿದೆ. ಸ್ವಿಚ್ಚನ್ನೇ ಸರಿಸುವ ಬದಲು, ಒತ್ತುವ ತುಂಡಿಗೆ ಒಂದು ಎಂ4 ಬೋಲ್ಟ್ ಮತ್ತು ಲಾಕ್ ನಟ್ ಇಟ್ಟಿದ್ದರೆ ಈ ಕೆಲಸ ತುಂಬಾ ಸುಲಭ: ಎಂ4 ಒಂದು ಸುತ್ತಿಗೆ 0.7 ಮಿ.ಮೀ., ಎರಡು ಸುತ್ತಿಗಿಂತ ಚೂರು ಜಾಸ್ತಿ ತಿರುಗಿಸಿದೆ.

ಕರೆಂಟ್ ಹೋಗಿ ಬಂದಾಗ

ಇಷ್ಟೆಲ್ಲ ಮಾಡಿದ್ದು ಈ ಹೊತ್ತಿಗಾಗಿ. ಹಲಗೆಯ ಸೊನ್ನೆಯನ್ನು ಜಿ92 ಆಜ್ಞೆಯಿಂದ ಇಡಬೇಡಿ, ಜಿಆರ್‌ಬಿಎಲ್‌ನಲ್ಲಿ ಅದು ಪವರ್ ಹೋದಾಗ ಮರೆತುಹೋಗುತ್ತದೆ. ಜಿ10 ಎಲ್20 ಪಿ1 ಎಕ್ಸ್0 ವೈ0 ಝಡ್0 ಅಂತ ಕೊಟ್ಟರೆ ಜಿ54 ಅನ್ನುವ ಸೊನ್ನೆಯ ಖಾನೆಯಲ್ಲಿ ಕೂತು, ಕರೆಂಟ್ ಹೋದರೂ ಉಳಿಯುತ್ತದೆ. ಜಿ54ರಲ್ಲಿ ಕೂತ ಅಂಕಿಗಳನ್ನು ಹಲಗೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದಲೂ ಬರೆದಿಡಿ.

ಕೆಲಸ ಶುರು ಮಾಡುವ ಮೊದಲು ಹಲಗೆಯ ಅಂಚಿನಲ್ಲಿ, ಆಮೇಲೆ ಕತ್ತರಿಸಿ ಬಿಸಾಡುವ ಜಾಗದಲ್ಲಿ, ವಿ-ಬಿಟ್ಟಿನಿಂದ ಅರ್ಧ ಮಿ.ಮೀ. ಆಳದ ಒಂದು ಚುಕ್ಕಿ ಹೊಡೆದು ಅದರ ಎಕ್ಸ್, ವೈ ಬರೆದುಕೊಳ್ಳಿ. ಕರೆಂಟ್ ಬಂದ ಮೇಲೆ ಬಿಟ್ ಬದಲಿಸಬೇಡಿ, ಹಲಗೆ ಮುಟ್ಟಬೇಡಿ. ಬಿಟ್ ಮರದೊಳಗೆ ನಿಂತಿದ್ದರೆ ಮೊದಲು ಜಿಆರ್‌ಬಿಎಲ್‌ನ ಅಲಾರಾಂ ಲಾಕ್ ಬಿಡಿಸಿ ಝಡ್ ಮೇಲೆತ್ತಿ, ಆಮೇಲೆ ಹೋಮ್. ನಂತರ ಆ ಚುಕ್ಕಿಯ ಮೇಲಕ್ಕೆ ಹೋಗಿ, ಸ್ಪಿಂಡಲ್ ಆಫ್ ಇಟ್ಟು, ಒಂದು ಸಲಕ್ಕೆ 0.1 ಮಿ.ಮೀ. ಸರಿಸುತ್ತಾ (ಜಾಗ್) ನಿಧಾನಕ್ಕೆ ಇಳಿಸಿ. ಟಾರ್ಚ್ ಹಿಡಿದು ಪಕ್ಕದಿಂದ ನೋಡಿ. ಮೊನೆ ಚುಕ್ಕಿಯ ನಡುವಿಗೆ ಅಂಚು ತಾಗದೆ ಇಳಿದರೆ, ಎಂಟ್ಹತ್ತು ಸಾಲು ಹಿಂದಿನಿಂದ ಪ್ರೋಗ್ರಾಂ ಶುರು ಮಾಡಿ, ಆದರೆ ಮೊದಲಿನ ಸಾಲುಗಳಲ್ಲಿದ್ದ ಜಿ21 (ಮಿ.ಮೀ. ಅಳತೆ), ಜಿ90 (ಸೊನ್ನೆಯಿಂದಲೇ ದೂರ ಅಳೆಯುವುದು), ಸ್ಪಿಂಡಲ್ ಆನ್, ಫೀಡ್ ಇವನ್ನು ಮತ್ತೆ ಮೇಲೆ ಸೇರಿಸಿಕೊಂಡು. ಮೊನೆ ಚುಕ್ಕಿಯ ಗೋಡೆಗೆ ತಾಗಿದರೆ ಇನ್ನೊಂದು ಸಲ ಹೋಮ್ ಮಾಡಿ ನೋಡಿ. ಆಗಲೂ ತಾಗಿದರೆ ಹಲಗೆಯನ್ನು ಹಾಗೇ ಬಿಟ್ಟು ಮೊದಲು ಬ್ರಾಕೆಟ್ಟಿನ ಬೋಲ್ಟಿಗೆ ಅಲೆನ್ ಕೀ ಹಾಕಿ ನೋಡಿ.